ಸೂಟ್‌ಕೇಸಿನಲ್ಲಿ ಬರಬೇಕಿದ್ದ ಬೇರು



ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಸಂಘದ ಕಛೇರಿಗೆ ಒಬ್ಬ ತರುಣ ಬಂದಿದ್ದ. ಹಳೆಯ ಸದಸ್ಯರೊಬ್ಬರ ಮಗ. ಅಮೆರಿಕದಲ್ಲಿ ಆರೇಳು ವರ್ಷ ಕೆಲಸದಲ್ಲಿದ್ದು, ತಂದೆಗೆ ಕೈಲಾಗದೆ ಬಂದುದರಿಂದ ತೋಟ ನೋಡಿಕೊಳ್ಳಲು ಊರಿಗೆ ಮರಳಿದವನು. ಗೊಬ್ಬರದ ಲೆಕ್ಕ ಮುಗಿದ ಮೇಲೂ ಏಳಲಿಲ್ಲ. ಫೋನು ತೆಗೆದು ಒಂದು ಚಿತ್ರ ತೋರಿಸಿದ. ಯಾರದೋ ಮನೆಯ ಹಿತ್ತಲು, ಮಾಡಿನವರೆಗೆ ಎಳೆದು ಕಟ್ಟಿದ ಹುರಿ, ಹುರಿಯ ತುಂಬ ಹಬ್ಬಿದ ಬಳ್ಳಿ, ಬಳ್ಳಿಯ ತುಂಬ ಹಸಿರು ಗೊಂಚಲು.

"ಇದು ಹಾಪ್ಸ್, ಮಾವ. ಬಿಯರಿಗೆ ಕಹಿ ಬರೋದು ಇದರಿಂದಲೇ. ಜನವರಿಯಲ್ಲಿ ನನ್ನ ಸ್ನೇಹಿತ ಬರ್ತಾನೆ. ಸೂಟ್‌ಕೇಸಿನಲ್ಲಿ ಹತ್ತು ತುಂಡು ಬೇರು ತರ್ತೀನಿ ಅಂದಿದಾನೆ. ಸಂಘದ ನರ್ಸರಿಯಲ್ಲಿ ಒಂದು ಮೂಲೆ ಕೊಟ್ರೆ ಬೆಳೆಸಿ ಎಲ್ಲರಿಗೂ ಹಂಚಬಹುದು."

ಎಲ್ಲರಿಗೂ ಹಂಚಬಹುದು ಎಂದನಲ್ಲ, ಆ ಮಾತು ನಮಗೆ ಹಿಡಿಸಿತು. ಮೊದಲು ತಾನೊಬ್ಬನೇ ಬೆಳೆದು ದುಡ್ಡು ಮಾಡೋಣ ಎನ್ನುವವರೇ ಹೆಚ್ಚಿರುವಾಗ ಇದು ಒಳ್ಳೆಯ ಬುದ್ಧಿಯೇ. ಆದರೂ ನಾವು ಆಗುವುದಿಲ್ಲವೆಂದೆವು. ಏಕೆ ಎಂಬುದನ್ನು ಅವನಿಗೆ ಹೇಳಿದ್ದಕ್ಕಿಂತ ಸ್ವಲ್ಪ ವಿವರವಾಗಿ ಇಲ್ಲಿ ಬರೆಯುವುದು ಒಳ್ಳೆಯದು. ಏಕೆಂದರೆ ಈ ವಿಷಯ ಹಾಪ್ಸ್‌ಗೆ ಮಾತ್ರ ಸಂಬಂಧಿಸಿದ್ದಲ್ಲ.

ಹಾಪ್ಸ್ ನಮ್ಮ ಒಳ್ಳೆಮೆಣಸಿನಂತೆ ಬಳ್ಳಿಯೇ. ಆದರೆ ಮೆಣಸಿನಂತೆ ಗಂಟಿನ ಬೇರು ಬಿಟ್ಟು ಮರಕ್ಕೆ ಅಂಟುವುದಿಲ್ಲ. ಕಾಂಡದ ಮೇಲಿನ ಗಡುಸು ಕೂದಲಿನಿಂದ ಹುರಿಯನ್ನು ಹಿಡಿದು ಸುತ್ತಿಕೊಂಡು ಒಂದೇ ಬೇಸಗೆಯಲ್ಲಿ ಹದಿನೆಂಟು ಇಪ್ಪತ್ತು ಅಡಿ ಏರುತ್ತದೆ. ಚಳಿ ಬಂತೆಂದರೆ ನೆಲದ ಮೇಲಿನದೆಲ್ಲ ಸತ್ತುಹೋಗುತ್ತದೆ, ಶುಂಠಿಯಂತೆ ನೆಲದೊಳಗಿನ ಗೆಡ್ಡೆಬೇರು ಮಾತ್ರ ಬದುಕಿರುತ್ತದೆ. ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆ. ಬೇಕಾದದ್ದು ಹೆಣ್ಣು ಬಳ್ಳಿಯ ಗೊಂಚಲು. ಅದರ ಪದರಗಳ ಬುಡದಲ್ಲಿ ಹಳದಿ ಪುಡಿಯಿರುತ್ತದೆ, ಬಿಯರಿನ ಕಹಿಯೂ ವಾಸನೆಯೂ ಅದರಿಂದಲೇ. ಪಾನೀಯ ಬೇಗ ಕೆಡದಂತೆ ಕಾಯುವುದೂ ಅದೇ. ಸಸ್ಯಶಾಸ್ತ್ರದ ಪ್ರಕಾರ ಇದು ಗಾಂಜಾ ಗಿಡದ ಹತ್ತಿರದ ನೆಂಟ. ಇದನ್ನು ಕೇಳಿ ನಮ್ಮ ಗುಮಾಸ್ತರು ಚಿತ್ರವನ್ನು ಇನ್ನೊಮ್ಮೆ ನೋಡಬೇಕೆಂದರು.

ದೊಡ್ಡ ಪ್ರಮಾಣದಲ್ಲಿ ಇದು ಬೆಳೆಯುವುದು ಜರ್ಮನಿಯ ಹಾಲರ್ಟೌ ಪ್ರದೇಶದಲ್ಲಿ, ಮತ್ತು ಅಮೆರಿಕದ ವಾಷಿಂಗ್ಟನ್, ಓರೆಗಾನ್, ಐಡಾಹೊ ರಾಜ್ಯಗಳಲ್ಲಿ. ಅಮೆರಿಕದ ತೋಟಗಳಲ್ಲಿ ಬಳ್ಳಿ ಹಬ್ಬಿಸುವ ಹುರಿ ಹೆಚ್ಚಾಗಿ ತೆಂಗಿನ ನಾರಿನದು, ಶ್ರೀಲಂಕಾದಿಂದ ಹೋಗುತ್ತದೆ. ತೆಂಗು ಬೆಳೆಯುವ ಸದಸ್ಯರು ಇದನ್ನು ಗಮನಿಸಬಹುದು. ನಮಗೆ ಹಾಪ್ಸ್‌ನಲ್ಲಿ ಲಾಭದ ದಾರಿ ಏನಾದರೂ ಇದ್ದರೆ ಬಹುಶಃ ಆ ಹುರಿಯಲ್ಲೇ ಇದೆ!

ಅಮೆರಿಕದಲ್ಲಿ ಮನೆಯಲ್ಲಿ ಬಿಯರ್ ಕುದಿಸಲು 1978ರಲ್ಲಿ ಕಾನೂನು ತಿದ್ದುಪಡಿಯಾಗಿ 1979ರಿಂದ ಕೇಂದ್ರ ಸರಕಾರದ ಅನುಮತಿ ದೊರೆಯಿತು. ಮನೆಯಲ್ಲಿ ವಯಸ್ಕ ಒಬ್ಬನೇ ಇದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರಿದ್ದರೆ 200. ಮಾರುವಂತಿಲ್ಲ. ಅಂದಿನಿಂದ ಹವ್ಯಾಸವಾಗಿ ಬಿಯರ್ ತಯಾರಿಸುವ ಜನ ಊರೂರಲ್ಲಿ ಕೂಟ ಕಟ್ಟಿಕೊಂಡಿದ್ದಾರೆ, ಅವರಲ್ಲಿ ಅನೇಕರು ಹಿತ್ತಲಲ್ಲಿ ಒಂದೆರಡು ಹಾಪ್ಸ್ ಬಳ್ಳಿಯನ್ನೂ ಹಬ್ಬಿಸುತ್ತಾರೆ. ಮೂರನೆಯ ವರ್ಷಕ್ಕೆ ಬಲಿತ ಬಳ್ಳಿ ಒಣಗಿಸಿದ ಗೊಂಚಲು ಅರ್ಧದಿಂದ ಒಂದು ಕಿಲೋದವರೆಗೆ ಕೊಡುತ್ತದೆ, ಮನೆಯ ಮಟ್ಟಿಗೆ ಧಾರಾಳ. ಬುಡದ ಗೆಡ್ಡೆಬೇರು ವರ್ಷವರ್ಷ ಸುತ್ತ ಹರಡುವುದರಿಂದ ವಸಂತಕ್ಕೆ ಮೊದಲು ಅಗೆದು ಕತ್ತರಿಸಲೇಬೇಕು. ಕತ್ತರಿಸಿದ್ದನ್ನು ಎಸೆಯುವುದೇಕೆ? ಎರಡು ಮೂರು ಕಣ್ಣಿರುವ ಗೇಣುದ್ದದ ತುಂಡುಗಳನ್ನು ಒದ್ದೆ ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ತಳಿಯ ಹೆಸರು ಬರೆದು ಕೂಟದ ಸಭೆಗೆ ಒಯ್ಯುತ್ತಾರೆ. ಬೇಕಾದವರು ಎತ್ತಿಕೊಳ್ಳುತ್ತಾರೆ. ಹೆಬ್ಬಾಗಿಲ ಹತ್ತಿರ ಹಂಬಿನ ಸುರುಳಿ ಇಟ್ಟು, ಹೋಗುವಾಗ ತೆಗೆದುಕೊಂಡು ಹೋಗಿ ಎನ್ನುವ ನಮ್ಮ ಮಲೆನಾಡಿನ ಪದ್ಧತಿಗೂ ಇದಕ್ಕೂ ಏನು ವ್ಯತ್ಯಾಸ?

ಈ ಹಂಚಿಕೆಗೆ ದೊಡ್ಡ ಕಾಲವೊಂದು ಬಂದದ್ದು 2007-08ರಲ್ಲಿ. ಅದಕ್ಕೆ ಹಿಂದೆ ಕೆಲವು ವರ್ಷ ಹಾಪ್ಸ್ ಹೆಚ್ಚಾಗಿ ಬೆಲೆ ಬಿದ್ದು, ಬೆಳೆಗಾರರು ಬಳ್ಳಿ ಕಿತ್ತಿದ್ದರು. 2006ರಲ್ಲಿ ಯಾಕಿಮಾದ ಒಂದು ಉಗ್ರಾಣಕ್ಕೆ ಬೆಂಕಿ ಬಿತ್ತು, ಯೂರೋಪಿನಲ್ಲಿ ಬೆಳೆ ಕೈಕೊಟ್ಟಿತು. ಬೆಲೆ ಕೆಲವೇ ತಿಂಗಳಲ್ಲಿ ಹಲವು ಪಟ್ಟು ಏರಿತು. ದೊಡ್ಡ ಕಂಪನಿಗಳಿಗೆ ಮುಂಗಡ ಕರಾರಿತ್ತು, ಚಿಕ್ಕವರಿಗೆ ಸಿಗದಾಯಿತು. 2008ರಲ್ಲಿ ಬೋಸ್ಟನ್ ಬಿಯರ್ ಎಂಬ ಕಂಪನಿ ತನ್ನ ದಾಸ್ತಾನಿನಿಂದ 20,000 ಪೌಂಡ್ ಹಾಪ್ಸನ್ನು ಲಾಭವಿಲ್ಲದೆ, ತಾನು ಕೊಂಡ ಬೆಲೆಗೇ ಚಿಕ್ಕ ತಯಾರಕರಿಗೆ ಬಿಟ್ಟುಕೊಟ್ಟಿತು. ಸಹಕಾರ ಸಂಘದವರಾದ ನಾವು ಒಪ್ಪಿಕೊಳ್ಳಬೇಕಾದ ಕೆಲಸ. ಹಿತ್ತಲಿನಲ್ಲಿ ನೆಟ್ಟವರೂ ಆಗ ಬಹಳ. ತೋಟದವರೂ ಸುಮ್ಮನಿರಲಿಲ್ಲ, ಸಾಲು ಸಾಲಾಗಿ ನೆಟ್ಟರು, ಎರಡೇ ವರ್ಷದಲ್ಲಿ ಮತ್ತೆ ಹೆಚ್ಚಾಗಿ ಬೆಲೆ ಕುಸಿಯಿತು. 2003ರ ವೆನಿಲ್ಲಾ ನೆನಪಿರುವ ಸದಸ್ಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದುವರೆಗೆ ನೆಂಟರು ಕೇಳಿದರೆ ಸುಮ್ಮನೆ ಕೊಡುತ್ತಿದ್ದ ಬಳ್ಳಿಯನ್ನು ಆ ವರ್ಷ ಅಡಿಗೆ ಇಷ್ಟು ಎಂದು ಅಳೆದು ಮಾರಿದೆವು, ರಾತ್ರಿ ಬ್ಯಾಟರಿ ಹಿಡಿದು ಕಾವಲು ಕಾದೆವು. ಮುಂದೆರಡು ವರ್ಷಕ್ಕೆ ಅದೇ ಬಳ್ಳಿ ಕೊಳೆತರೂ ಕೇಳುವವರಿರಲಿಲ್ಲ.

ನಮ್ಮಲ್ಲಿ ಹಾಪ್ಸ್ ಬೆಳೆಯುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಸಣ್ಣದು. ಬಳ್ಳಿ ಬದುಕಬಹುದು, ಗೊಂಚಲು ನೆಚ್ಚಿಕೊಳ್ಳುವಂತಿಲ್ಲ. ಅದಕ್ಕೆ ಚಳಿಗಾಲದ ನಿದ್ರೆ ಬೇಕು, ಬೇಸಗೆಯಲ್ಲಿ ಹದಿನೈದು ಗಂಟೆಯಷ್ಟು ಉದ್ದದ ಹಗಲು ಬೇಕು. ಸಾಮಾನ್ಯವಾಗಿ 35ರಿಂದ 55 ಡಿಗ್ರಿ ಅಕ್ಷಾಂಶದ ನಡುವಿನ ಬೆಳೆ. ನಾವಿರುವುದು 13ರ ಆಸುಪಾಸಿನಲ್ಲಿ, ನಮ್ಮ ವರ್ಷದ ಅತಿ ದೀರ್ಘ ಹಗಲೂ ಹದಿಮೂರು ಗಂಟೆ ದಾಟುವುದಿಲ್ಲ. ಬ್ರೆಜಿಲ್ಲಿನಲ್ಲೂ ಫ್ಲಾರಿಡಾದಲ್ಲೂ ಈಚೆಗೆ ತೋಟಕ್ಕೆ ವಿದ್ಯುದ್ದೀಪ ಹಾಕಿ ಹಗಲನ್ನು ಉದ್ದಮಾಡಿ ಬೆಳೆಯುತ್ತಿದ್ದಾರೆಂಬುದು ನಿಜ. ಪಂಪ್‌ಸೆಟ್ಟಿಗೇ ಕರೆಂಟು ಕಾಯುವ ನಮಗೆ ಅದು ಹೇಳಿದ ಮಾತಲ್ಲ. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯವರು ಇದನ್ನು ಬೆಳೆದು ಬಿಯರ್ ಕಾರ್ಖಾನೆಗಳಿಗೆ ಕೊಡುತ್ತಿದ್ದರು, ಆಮದು ಹಾಪ್ಸಿನ ಎದುರು ಅವರಿಗೇ ಕಷ್ಟವಾಯಿತು. ಇನ್ನು ಮನೆಯಲ್ಲಿ ಬಿಯರ್ ಮಾಡುವ ಮಾತು. 1965ರ ಕರ್ನಾಟಕ ಅಬಕಾರಿ ಕಾಯಿದೆಯಂತೆ ಲೈಸೆನ್ಸ್ ಇಲ್ಲದೆ ಮಾಡುವಂತಿಲ್ಲ. ಕುಡಿಯುವುದು ಬಿಡುವುದು ಅವರವರಿಗೆ ಬಿಟ್ಟದ್ದು, ಸಂಘದ ನರ್ಸರಿ ಮಾತ್ರ ಅದರೊಳಗೆ ಹೋಗುವಂತಿಲ್ಲ.

ನಮ್ಮ ನಿಜವಾದ ಆತಂಕ ಇದಾವುದೂ ಅಲ್ಲ. ಗೊಂಚಲು ಬಿಡದಿದ್ದರೆ ಬೇಡ, ಚಪ್ಪರಕ್ಕೆ ಚೆಂದವೆಂದು ಇಟ್ಟುಕೊಳ್ಳಲಿ. ಆತಂಕವಿರುವುದು ಸೂಟ್‌ಕೇಸಿನ ಬಗ್ಗೆ.

ಬೇರು ಒಂದೇ ಬರುವುದಿಲ್ಲ. ವಾಷಿಂಗ್ಟನ್ ರಾಜ್ಯದ ಹಾಪ್ಸ್ ತೋಟಗಳಲ್ಲಿ 1997ರವರೆಗೆ ಬೂದಿರೋಗ ಇರಲಿಲ್ಲ. ಆ ವರ್ಷ ಕಾಣಿಸಿಕೊಂಡದ್ದು ಆಮೇಲೆ ಹೋಗಲೇ ಇಲ್ಲ, ವರ್ಷಂಪ್ರತಿ ಔಷಧಿ ಸಿಂಪಡಿಸುವ ಖರ್ಚು ಖಾಯಮ್ಮಾಯಿತು. ಜಪಾನಿನಲ್ಲಿ 1950 ಮತ್ತು 60ರ ದಶಕಗಳಲ್ಲಿ ಹಾಪ್ಸ್ ಬಳ್ಳಿಗಳು ಕುಳ್ಳಾಗುವ ರೋಗವೊಂದು ಹರಡಿತು. ವೈರಸ್ಸಿಗಿಂತಲೂ ಚಿಕ್ಕದಾದ, ವೈರಾಯ್ಡ್ ಎಂಬ ರೋಗಾಣುವಿನ ಕೆಲಸ. ಅದು ಹೋದದ್ದು ಗಾಳಿಯಲ್ಲಲ್ಲ, ನೆಡಲೆಂದು ಕೊಟ್ಟ ತುಂಡುಗಳಲ್ಲಿ ಮತ್ತು ಕತ್ತರಿಸಿದ ಚಾಕುವಿನಲ್ಲಿ. ಅದಕ್ಕೇ ಇಂದು ವಾಷಿಂಗ್ಟನ್, ಓರೆಗಾನ್, ಐಡಾಹೊಗಳು ಹೊರಗಿನ ಹಾಪ್ಸ್ ಬೇರನ್ನು ಪ್ರಮಾಣಪತ್ರವಿಲ್ಲದೆ ಒಳಗೆ ಬಿಡುವುದಿಲ್ಲ. ತಮ್ಮದೇ ದೇಶದ ಪಕ್ಕದ ರಾಜ್ಯದವನು ಪ್ರೀತಿಯಿಂದ ಕಳಿಸಿದ್ದಾದರೂ ಅಷ್ಟೆ. ವಾಷಿಂಗ್ಟನ್ನಿನ ಪ್ರಾಸ್ಸರ್ ಎಂಬಲ್ಲಿ ವೈರಸ್ ಮುಕ್ತ ತಾಯಿ ಬಳ್ಳಿಗಳನ್ನೇ ಬೇರೆಯಾಗಿ ಕಾಪಾಡಿ, ಅಲ್ಲಿಂದ ನರ್ಸರಿಗಳಿಗೆ ಕೊಡುತ್ತಾರೆ. ನಮ್ಮ ದೇಶಕ್ಕೂ 2003ರ ಸಸ್ಯ ಕ್ವಾರಂಟೈನ್ ಆದೇಶವಿದೆ. ಆಮದು ಪರವಾನಗಿ ಮತ್ತು ಆ ದೇಶದ ಸಸ್ಯ ಆರೋಗ್ಯ ಪತ್ರವಿಲ್ಲದೆ ನೆಡುವ ವಸ್ತು ತರುವಂತಿಲ್ಲ, ಹತ್ತು ತುಂಡಾದರೂ ಒಂದೇ ತುಂಡಾದರೂ.

ಇಷ್ಟು ಹೇಳಿದಾಗ ತರುಣ ನಕ್ಕ. "ಬಾಬಾ ಬುಡನ್ ಪರ್ಮಿಟ್ ತಗೊಂಡಿದ್ರಾ ಮಾವ?"

ಒಳ್ಳೆಯ ಪ್ರಶ್ನೆ. ಯೆಮೆನ್ ದೇಶದವರು ಮೊಳೆಯುವ ಬೀಜ ಹೊರಗೆ ಬಿಡದಿದ್ದ ಕಾಲದಲ್ಲಿ ಏಳು ಕಾಫಿ ಬೀಜ ಮುಚ್ಚಿಟ್ಟು ತಂದು ಚಂದ್ರಗಿರಿಯಲ್ಲಿ ನೆಟ್ಟರೆಂಬ ಐತಿಹ್ಯದ ನೆರಳಿನಲ್ಲೇ ನಾವೆಲ್ಲ ಊಟ ಮಾಡುತ್ತಿದ್ದೇವೆ. ಆದರೆ ಅವರು ತಂದದ್ದು ಬೀಜ, ಬೇರಲ್ಲ, ಗಿಡವೂ ಅಲ್ಲ. ಎಲೆ ತುಕ್ಕುರೋಗ ಅವರೊಡನೆ ಬರಲಿಲ್ಲ. ಅದು ಎರಡು ಶತಮಾನ ಕಳೆದು 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡು, ಬೆನ್ನಲ್ಲೇ ನಮ್ಮ ಕಡೆಗೂ ದಾಟಿತು. ಸಿಂಹಳದವರು ಕಾಫಿ ಬಿಟ್ಟು ಟೀ ಹಾಕಿದ್ದು ಅದರಿಂದಲೇ. ಇನ್ನೂ ಹತ್ತಿರದ ಮಾತು ಬೇಕಾದರೆ ಬೆರ್ರಿ ಬೋರರ್ ಇದೆ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಂಡಿತು, ಆಮೇಲೆ ಕಾಫಿಯೊಡನೆ, ಗೋಣಿಚೀಲದೊಡನೆ ಕೊಡಗಿಗೂ ಬಂತು, ಹಾಸನ, ಚಿಕ್ಕಮಗಳೂರಿಗೂ ಬಂತು. ಇಂದು ನಮ್ಮ ತೋಟದಲ್ಲಿ ಉದುರು ಕಾಯಿ ಆರಿಸಲು ಎಷ್ಟು ಆಳಿನ ಸಂಬಳ ಹೋಗುತ್ತದೆ ಎಂದು ಪ್ರತಿಯೊಬ್ಬ ಸದಸ್ಯರೂ ತಾವೇ ಲೆಕ್ಕ ಹಾಕಿಕೊಳ್ಳಬಹುದು.

ಇನ್ನು ನಮ್ಮದೇ ತಪ್ಪೊಂದನ್ನು ಹೇಳಬೇಕು. ಹೇಳದಿದ್ದರೆ ಆ ತರುಣನಿಗೆ ಬುದ್ಧಿ ಹೇಳುವ ಹಕ್ಕು ನಮಗಿಲ್ಲ.

ಹತ್ತು ಹನ್ನೆರಡು ವರ್ಷದ ಹಿಂದೆ ಹತ್ತಿರದ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆವು. ಅವರ ತೋಟದ ಮೆಣಸು ಕಣ್ಣು ಕುಕ್ಕುವಂತಿತ್ತು. ಊಟವಾದ ಮೇಲೆ ಕೇಳಿದೆವು, ಅವರು ಸಂತೋಷದಿಂದ ಒಪ್ಪಿದರು. ಸುಮಾರು ಮುನ್ನೂರು ಹಂಬು ಜೀಪಿಗೆ ತುಂಬಿಕೊಂಡು ಬಂದು, ನರ್ಸರಿಯಲ್ಲಿ ಬೇರು ಬರಿಸಿ, ಆ ಮಳೆಗಾಲಕ್ಕೇ ಸಿಲ್ವರ್ ಓಕಿಗೂ ಹಾಲುವಾಣಕ್ಕೂ ಹಚ್ಚಿದೆವು. ಉಳಿದದ್ದನ್ನು ನೆರೆಯ ಇಬ್ಬರಿಗೆ ಕೊಟ್ಟೆವು. ಮೊದಲ ವರ್ಷ ಚೆನ್ನಾಗಿಯೇ ಚಿಗುರಿತು. ಎರಡನೆಯ ವರ್ಷ ಎಲೆ ಸಣ್ಣದಾಗತೊಡಗಿತು, ಹಳದಿ ಮಚ್ಚೆ, ಗಂಟು ಗಂಟಿನ ನಡುವಿನ ಅಂತರ ಗಿಡ್ಡ. ಗೊಬ್ಬರ ಸಾಲದೆಂದು ಇನ್ನಷ್ಟು ಹಾಕಿದೆವು. ಮೂರು ವರ್ಷವಾದರೂ ಬಳ್ಳಿ ಸೊಂಟ ದಾಟಲಿಲ್ಲ. ತಿಳಿದವರಿಗೆ ಎಲೆ ತೋರಿಸಿದಾಗ ಕುಳ್ಳು ರೋಗವೆಂದರು. ವೈರಸ್, ಔಷಧಿಯಿಲ್ಲ, ಕಿತ್ತು ಸುಡುವುದೊಂದೇ ದಾರಿ. ನೆಂಟರ ತೋಟದಲ್ಲಿ ಹುಡುಕಿದಾಗ ಅಂಚಿನ ನಾಲ್ಕೈದು ಬಳ್ಳಿಗಳಲ್ಲಿ ಅದೇ ಲಕ್ಷಣ. ಅವರಿಗೂ ಗೊತ್ತಿರಲಿಲ್ಲ. ಕೆಲವು ಬಳ್ಳಿಯಲ್ಲಿ ರೋಗವಿದ್ದೂ ಬಹಳ ಕಾಲ ಲಕ್ಷಣ ತೋರುವುದಿಲ್ಲವಂತೆ.

ನಮ್ಮ ಬಳ್ಳಿಗಳನ್ನು ಕಿತ್ತು ಸುಟ್ಟೆವು, ಅದು ಹೋಗಲಿ. ನಾವು ಕೊಟ್ಟ ಆ ಇಬ್ಬರು ನೆರೆಯವರಲ್ಲಿ ಒಬ್ಬರ ಮನೆಗೆ ಹೋಗಿ ವಿಷಯ ತಿಳಿಸಿದೆವು. ಅವರು ನಮ್ಮನ್ನು ಕೂರಿಸಿ ಕಾಫಿ ಕೊಟ್ಟರು, ಒಂದು ಕಟು ಮಾತನ್ನೂ ಆಡಲಿಲ್ಲ. ಮರುದಿನ ಅವರ ತೋಟದ ಮೇಲಿಂದ ಹೊಗೆ ಏಳುವುದು ನಮ್ಮ ಜಗಲಿಗೆ ಕಾಣುತ್ತಿತ್ತು.

ಹಾಗೆಂದು ಹಂಚುವುದನ್ನೇ ನಿಲ್ಲಿಸಬೇಕೆಂದು ನಾವು ಹೇಳುವವರಲ್ಲ. 1911ರಲ್ಲಿ ಚಿಕ್ಕಮಗಳೂರು ಕಡೆಯ ಕೆಂಟ್ ಎಂಬ ಪ್ಲಾಂಟರು ತಮ್ಮ ತೋಟದಲ್ಲಿ ತುಕ್ಕುರೋಗ ತಡೆದ ಒಂದು ಗಿಡವನ್ನು ಗುರುತಿಸಿ, ಅದರ ಬೀಜ ತನ್ನೊಬ್ಬನಿಗೇ ಇರಲಿ ಎಂದಿದ್ದರೆ ಕೆಂಟ್ಸ್ ಎಂಬ ತಳಿ ಇರುತ್ತಿರಲಿಲ್ಲ. ಕೆಂಟ್ಸ್ ಇಲ್ಲದಿದ್ದರೆ ಅದರ ಸಂಕರದಿಂದ ಬಂದ ಎಸ್. 795 ಇರುತ್ತಿರಲಿಲ್ಲ. ಅಮೆರಿಕದ ಹಿತ್ತಲ ಹವ್ಯಾಸಿಗಳ ವಿಷಯದಲ್ಲಿ ನಮಗೆ ಮೆಚ್ಚುಗೆಯಾದದ್ದು ಅವರ ಹೆಸರು ಚೀಟಿ. 1972ರಲ್ಲಿ ಓರೆಗಾನಿನಿಂದ ಬಿಡುಗಡೆಯಾದ ಕ್ಯಾಸ್ಕೇಡ್ ತಳಿಯ ಕಹಿ ಒಂದು ಮಟ್ಟ, ಬೇರೆ ತಳಿಗಳದು ಅದರ ಎರಡು ಪಟ್ಟಿಗೂ ಹೆಚ್ಚು. ಹೆಸರಿಲ್ಲದ ಬಳ್ಳಿಯ ಗೊಂಚಲನ್ನು ಎಷ್ಟು ಹಾಕಬೇಕೆಂದೇ ತಿಳಿಯದು. ಆದ್ದರಿಂದ ಹೆಸರು ಬರೆಯದೆ ಕೊಟ್ಟದ್ದನ್ನು ಅವರಲ್ಲಿ ತಿಳಿದವರು ಮುಟ್ಟುವುದಿಲ್ಲ. ನಮ್ಮಲ್ಲಿ ಒಬ್ಬರು ಪಣಿಯೂರು ಎಂದು ಕೊಡುವುದು ಇನ್ನೊಬ್ಬರ ತೋಟದಲ್ಲಿ ಕರಿಮುಂಡವಾಗಿ ಏಳುತ್ತದೆ. ಮೂರನೆಯ ವರ್ಷ ಗೆರೆ ಕಂಡಾಗ ಜಗಳ.

ಆದ್ದರಿಂದ ಈ ಬಾರಿ ಸಂಘದ ನರ್ಸರಿಗೆ ಸದಸ್ಯರಿಂದ ಹಂಬು ತೆಗೆದುಕೊಳ್ಳುವ ಮೊದಲು ತಾಯಿ ಬಳ್ಳಿಯನ್ನು ನೋಡುತ್ತೇವೆ. ನೋಡುವುದು ಅಕ್ಟೋಬರ್ ನವೆಂಬರಿನಲ್ಲಿ, ಗೆರೆ ತುಂಬಿರುವಾಗ, ಎಲೆಯ ಕೆಳಗೂ ಮೇಲೂ. ಒಪ್ಪಿಗೆಯಾದ ಬಳ್ಳಿಗೆ ಬಿಳಿ ಬಣ್ಣದ ಪಟ್ಟಿ. ಫೆಬ್ರವರಿ ಮಾರ್ಚಿನಲ್ಲಿ ಪಟ್ಟಿಯಿರುವ ಬಳ್ಳಿಯಿಂದ ಮಾತ್ರ ಹಂಬು ಕತ್ತರಿಸತಕ್ಕದ್ದು, ಬಳ್ಳಿಯಿಂದ ಬಳ್ಳಿಗೆ ಹೋಗುವಾಗ ಕತ್ತಿಯನ್ನು ಬೆಂಕಿಗೆ ಹಿಡಿದು ಶುದ್ಧ ಮಾಡತಕ್ಕದ್ದು. ಯಾರ ತೋಟ, ಯಾವ ತಳಿ, ಯಾರಿಗೆ ಎಷ್ಟು ಹೋಯಿತು ಎಂಬುದೆಲ್ಲ ಒಂದು ಪುಸ್ತಕದಲ್ಲಿ ಇರುತ್ತದೆ. ಅನುಮಾನವಿರುವ ಎಲೆಯನ್ನು ಮಡಿಕೇರಿ ಹತ್ತಿರದ ಅಪ್ಪಂಗಳದ ಸಂಬಾರ ಸಂಶೋಧನಾ ಕೇಂದ್ರದವರಿಗೆ ತೋರಿಸಿ ಕೇಳುತ್ತೇವೆ. ಕೆಲವರಿಗೆ ಇದು ಅವಮಾನವೆನಿಸಬಹುದು: ನಮ್ಮ ತೋಟದ ಬಳ್ಳಿಯನ್ನು ಇವರು ಪರೀಕ್ಷೆ ಮಾಡುವುದೇನು ಎಂದು ಒಬ್ಬ ಹಿರಿಯ ನಿರ್ದೇಶಕರು ಸಭೆಯಲ್ಲಿ ಕೇಳಿಯೂ ಕೇಳಿದರು. ಮೊದಲ ಪರೀಕ್ಷೆ ಕಾರ್ಯದರ್ಶಿಯ ತೋಟದ್ದೇ ಆಗಲೆಂದು ನಾವು ಉತ್ತರ ಕೊಟ್ಟೆವು. ಹಾಗೇ ಆಯಿತು. ಹದಿನೆಂಟು ಬಳ್ಳಿಯಲ್ಲಿ ಮೂರನ್ನು ತಿರಸ್ಕರಿಸಿದರು.

ತಿರಸ್ಕರಿಸಿದ್ದು ಆ ತರುಣನೇ. ಸೂಟ್‌ಕೇಸಿನ ವಿಚಾರ ಬಿಟ್ಟು, ಸ್ನೇಹಿತನಿಗೆ ಬೇರು ಬೇಡವೆಂದು ಬರೆದಿದ್ದಾನೆ. ಪುಸ್ತಕವನ್ನು ಸದ್ಯಕ್ಕೆ ಅವನ ಕೈಗೇ ಒಪ್ಪಿಸಿದ್ದೇವೆ. ಹೆಸರು ಬರೆಸುವವರು ಬುಧವಾರ ಮತ್ತು ಶನಿವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಕಛೇರಿಗೆ ಬರಬಹುದು.