ಕಬ್ಬಿನ ಬಾಕಿಗೆ ಕೋಳಿ ಉತ್ತರವೇ?



ಮಂಡ್ಯ ಪೇಟೆ ನಮ್ಮ ಗುತ್ತಲಿನ ಹೊಸ್ತಿಲಿಗೇ ಬಂದಿದೆ. ಆದರೂ ಹಿತ್ತಲಲ್ಲಿ ನಾಲ್ಕು ಹೇಂಟೆ ತಿಪ್ಪೆ ಕೆದಕುವುದು ನಿಂತಿಲ್ಲ. ಕಬ್ಬು ಬೆಳೆಯುವ ಗಂಡಸಿಗೆ ಅವು ಲೆಕ್ಕಕ್ಕಿಲ್ಲ, ‘ಹೆಂಗಸರ ಕಾಸು’ ಅಂತ ನಗುತ್ತಾನೆ. ನಾನೂ ನಕ್ಕವನೇ. ಒಂದು ವರ್ಷ ಕಬ್ಬಿನ ಹಣ ತಿಂಗಳುಗಟ್ಟಲೆ ಬರಲಿಲ್ಲ. ಮಗಳ ಕಾಲೇಜು ಫೀಜು, ಮನೆಯ ಎಣ್ಣೆ, ಬೇಳೆ ಎಲ್ಲ ನಡೆದದ್ದು ನನ್ನಾಕೆಯ ಕೋಳಿಯಿಂದ. ಆಮೇಲೆ ನಗಲಿಲ್ಲ.

ಈಗ ಇದೇ ಮಾತನ್ನು ದೊಡ್ಡವರು ಹಿಡಿದುಕೊಂಡಿದ್ದಾರೆ. ನಾವು ಬೆಲೆ ಕೇಳಿದರೆ, ‘ಉಪಕಸುಬು ಮಾಡಿ, ಕೋಳಿ ಸಾಕಿ’ ಎಂಬ ಬುದ್ಧಿವಾದ! ಸ್ವಾಮಿ, ಕಸುಬಿಗೆ ಬೆಲೆ ಕೊಡದೆ ಉಪಕಸುಬು ತೋರಿಸುವುದು ಯಾವ ನ್ಯಾಯ? 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಕೊಟ್ಟ 14 ದಿನದೊಳಗೆ ಹಣ ಬರಬೇಕು. ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ. ಕಾವಿಗೆ ಕೂತ ಹೇಂಟೆ 21 ದಿನಕ್ಕೆ ಮರಿ ಎಬ್ಬಿಸುತ್ತದೆ. ಕೋಳಿಗಿರುವ ವಾಯಿದೆ ಕಾರ್ಖಾನೆಗಿಲ್ಲವೇ?

ಇನ್ನು ಕೆಲವರು ಬಾಯ್ಲರ್ ಶೆಡ್ಡು ಕಟ್ಟಿ ಅಂತ ಹಿಂದೆ ಬೀಳುತ್ತಾರೆ. ಮರಿ ಕಂಪನಿಯದು, ಮೇವು ಕಂಪನಿಯದು, ಕೋಳಿಯೂ ಕಂಪನಿಯದು. ಶೆಡ್ಡು, ಕರೆಂಟು, ನೀರು, ರಾತ್ರಿ ನಿದ್ದೆಗೆಟ್ಟು ಕಾಯುವುದು ಮಾತ್ರ ನಮ್ಮದು. ಸಾಲಪತ್ರದಲ್ಲಿ ಹೆಸರೂ ನಮ್ಮದೇ. ಸಿಗುವುದು ಕಿಲೋಗಿಷ್ಟು ಎಂಬ ಸಾಕಣೆ ಕೂಲಿ. ಸ್ವಂತ ಜಮೀನಿನಲ್ಲಿ ಕೂಲಿಯಾಳಾಗಲು ಪಹಣಿ ಅಡವಿಡಬೇಕೆ? ಸಾಲವಿಲ್ಲದೆ ಹತ್ತು ನಾಟಿ ಕೋಳಿ ಸಾಕಿ, ಅದು ಬೇರೆ ಮಾತು.

ಅದಕ್ಕೂ ಶಿಸ್ತು ಬೇಕು. ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಅದು ಆ ಮಂದೆಯಲ್ಲೇ ಹುಟ್ಟಿದ್ದಾಗಬಾರದು. ಬೆಳಿಗ್ಗೆ ಒಂದು ಹಿಡಿ ನುಚ್ಚೋ ರಾಗಿಯೋ ಹಾಕಿ, ಮಿಕ್ಕದ್ದು ತಿಪ್ಪೆಯಲ್ಲಿ ಅವೇ ಹುಡುಕಿಕೊಳ್ಳುತ್ತವೆ. ಕತ್ತಲಾದರೆ ಗೂಡು ಭದ್ರವಾಗಲಿ. ಹೆಬ್ಬಾಳದ ಗಿರಿರಾಜ ಮೊಟ್ಟೆ ಹೆಚ್ಚು ಇಡುತ್ತದೆ, ನಿಜ. ಆದರೆ ಅದು ಕಾವಿಗೆ ಕೂರುವುದು ಅಪರೂಪ. ಪ್ರತಿಸಲ ಮರಿ ದುಡ್ಡು ಕೊಟ್ಟೇ ತರಬೇಕು.

ಎಲ್ಲಕ್ಕಿಂತ ದೊಡ್ಡ ಶತ್ರು ಕೊಕ್ಕರೆ ರೋಗ. ಹಸಿರು ಹಿಕ್ಕೆ, ತಿರುಚಿದ ಕತ್ತು. ಮೂರೇ ದಿನದಲ್ಲಿ ನಮ್ಮ ಗೂಡು ಖಾಲಿಯಾಗಿತ್ತು. ಲಸಿಕೆ ಹಾಕಿಸದ ತಪ್ಪು ನನ್ನದೇ, ಅದನ್ನು ಮಾರಮ್ಮನ ತಲೆಗೆ ಕಟ್ಟಲಾರೆ. ಮರಿಗೆ ಒಂದು ವಾರದೊಳಗೆ ಕಣ್ಣಿಗೆ ಒಂದು ತೊಟ್ಟು, ಎಂಟನೇ ವಾರಕ್ಕೆ ಚುಚ್ಚುಮದ್ದು. ತೊಂದರೆ ಏನೆಂದರೆ, ಸೀಸೆ ಸಾಮಾನ್ಯವಾಗಿ ನೂರು ಕೋಳಿಗೆ ಆಗುವಷ್ಟಿರುತ್ತದೆ. ಕಲಸಿದ ಮೇಲೆ ಐಸಿನಲ್ಲಿಟ್ಟು ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹತ್ತು ಕೋಳಿಯ ಮನೆಯವರು ಒಬ್ಬೊಬ್ಬರೇ ತಂದರೆ ಮಿಕ್ಕದ್ದು ದಂಡ. ಆದ್ದರಿಂದ ಬೀದಿಯವರೆಲ್ಲ ಒಂದೇ ದಿನ ಗೊತ್ತುಮಾಡಿಕೊಳ್ಳಿ.

ಮಾರುವಾಗ, ಬಾಗಿಲಿಗೆ ಬಂದ ವ್ಯಾಪಾರಿ ಕೈಯಲ್ಲೆತ್ತಿ ‘ಒಂದೂವರೆ ಕಿಲೋ ಅಷ್ಟೇ ಅಕ್ಕ’ ಅಂದರೆ ಒಪ್ಪಬೇಡಿ. ತಕ್ಕಡಿ ತರಿಸಿ. ಬಂದ ಕಾಸು ಸಾಕಿದಾಕೆಯ ಕೈಯಲ್ಲೇ ಇರಲಿ, ನಾವು ಅದಕ್ಕೆ ಕೈ ಹಾಕುವುದು ಬೇಡ.

ಲಸಿಕೆಯ ದಿನ ಬರುವಾಗ ಕೋಳಿಯ ಜೊತೆಗೆ ಕಬ್ಬಿನ ತೂಕದ ಚೀಟಿಗಳನ್ನೂ ತನ್ನಿ. ಹೇಗೂ ಬೀದಿಯೆಲ್ಲ ಸೇರಿರುತ್ತೆ, ಬಾಕಿಯ ಮೇಲಿನ ಬಡ್ಡಿ ಲೆಕ್ಕವನ್ನೂ ಅಲ್ಲೇ ಹಾಕಿ ಅರ್ಜಿ ಬರೆದುಬಿಡೋಣ.