ನಾಟಕ ನೋಡಲು ಬೆಂಗಳೂರಿಗೆ
ವಾರದ ಕೊನೆಗೆ ಬೆಂಗಳೂರಿನ ದಂಪತಿಗಳು ಕಾಳಿ ನದಿ ನೋಡಲು ದಾಂಡೇಲಿ ಬಳಿಯ ಮೌಳಂಗಿಗೆ ಬರುತ್ತಾರೆ. ಮೌಳಂಗಿಯ ದಂಪತಿ ನಾಟಕ ನೋಡಲೆಂದೇ ಬೆಂಗಳೂರಿಗೆ ಹೊರಟರೆ ಮಾತ್ರ ‘ಮಕ್ಕಳ ಪರೀಕ್ಷೆ ಇಟ್ಟುಕೊಂಡು ಇದೆಂಥ ಶೋಕಿ?’ ಎನ್ನುವವರುಂಟು. ಹೋಗಿ ಬರಲಿ ಬಿಡಿ! ಎರಡು ದಿನ ತಾವೇ ಓದಿಕೊಳ್ಳಲು ಮಕ್ಕಳಿಗೂ ಬರುತ್ತದೆ.

ಜೆ.ಪಿ. ನಗರದ ರಂಗಶಂಕರ ಶುರುವಾದದ್ದು 2004ರಲ್ಲಿ. ಶಂಕರ್‌ನಾಗ್ ನೆನಪಿಗೆ ಅರುಂಧತಿ ನಾಗ್ ಮುಂದೆ ನಿಂತು ಕಟ್ಟಿಸಿದ್ದು. 1990ರ ಸೆಪ್ಟೆಂಬರ್ 30ರಂದು ಶಂಕರ್ ಅಪಘಾತದಲ್ಲಿ ತೀರಿಕೊಂಡ ಆನಗೋಡು, ನಾವು ಹುಬ್ಬಳ್ಳಿಯಿಂದ ಹೋಗುವ ಹೆದ್ದಾರಿಯಲ್ಲೇ, ದಾವಣಗೆರೆ ದಾಟಿದ ಮೇಲೆ ಸಿಗುತ್ತದೆ.

ಒಂದು ಎಚ್ಚರ: ನಾಟಕ ಆರಂಭವಾದ ಮೇಲೆ ಅಲ್ಲಿ ಯಾರನ್ನೂ ಒಳಗೆ ಬಿಡುವುದಿಲ್ಲ. ದಾಂಡೇಲಿಯಿಂದ ಬಂದೆವೆಂದರೂ ಅಷ್ಟೇ! ಶುಕ್ರವಾರ ರಾತ್ರಿಯೇ ಬಸ್ಸು ಹಿಡಿಯಿರಿ.