ಮಳೆಗಾಲ ನೋಡದ ಜಮೀನು

ಮಲೆನಾಡಿನಲ್ಲಿ ಜಮೀನಿನ ವ್ಯಾಪಾರ ಕುದುರುವುದು ಸಾಮಾನ್ಯವಾಗಿ ಮಳೆ ನಿಂತ ಮೇಲೆ. ದೀಪಾವಳಿ ಕಳೆದು ದಾರಿ ಒಣಗಿತೆಂದರೆ ದಲ್ಲಾಳಿಗಳು ಪೇಟೆಯವರನ್ನು ಕರೆತರುತ್ತಾರೆ. ಎದುರಿಗೆ ಹಸಿರು ಕಣಿವೆ, ಕಾಲಡಿಯಲ್ಲಿ ಜೆಸಿಬಿ ಈಗಷ್ಟೇ ಸಮತಟ್ಟು ಮಾಡಿದ ಕೆಂಪು ನೆಲ. ಮುಂಗಡ ಹಣ ಅಲ್ಲಿಯೇ ಕೈ ಬದಲಾಗುತ್ತದೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು ಕೈಬಿಟ್ಟ ಬಳಿಕ ಕೃಷಿಕರಲ್ಲದವರೂ ಸಾಗುವಳಿ ಭೂಮಿಯನ್ನು ಕೊಳ್ಳಬಹುದಾಗಿದೆ. ಹಾಗೆಂದು ಕೊಳ್ಳುವವರೆಲ್ಲ ಬೆಂಗಳೂರಿನವರೆಂದು ತಿಳಿಯಬೇಕಿಲ್ಲ. ತೋಟ ಪಾಲಾದ ಮೇಲೆ ಸಾಲ ಮಾಡಿ ಐದು ಗುಂಟೆ ಹಿಡಿದು ಮನೆ ಕಟ್ಟಲು ಹೊರಟ ನಮ್ಮೂರ ಹುಡುಗರೂ ಇದ್ದಾರೆ. ಈ ಮಾತುಗಳು ಮುಖ್ಯವಾಗಿ ಅವರಿಗಾಗಿ.

ಪಹಣಿಯಲ್ಲಿ ಮಾರುವವನ ಹೆಸರಿದ್ದರೆ ಸಾಕೆಂಬ ನಂಬಿಕೆ ಇನ್ನೂ ಬಲವಾಗಿದೆ. ಅದೇ ಪಹಣಿಯಲ್ಲಿ ಖರಾಬಿನ ಲೆಕ್ಕವೂ ಇರುತ್ತದೆ. 'ಬ' ಖರಾಬೆಂದರೆ ಹಳ್ಳ, ದಾರಿ, ಸ್ಮಶಾನ ಮೊದಲಾದ ಸಾರ್ವಜನಿಕ ನೆಲ; ಅದನ್ನು ಮಾರುವ ಹಕ್ಕು ಖಾತೆದಾರನಿಗಿಲ್ಲ. ಸೊಪ್ಪಿನ ಬೆಟ್ಟ, ಕುಮ್ಕಿಗಳು ಹಿಡುವಳಿಗೆ ಅಂಟಿಕೊಂಡ ಸೌಲಭ್ಯಗಳು, ನಿವೇಶನವಾಗಿ ತುಂಡರಿಸಿ ಮಾರುವ ಸ್ವತ್ತಲ್ಲ. ಪರಿಶಿಷ್ಟರಿಗೆ ಮಂಜೂರಾದ ಭೂಮಿಯನ್ನು 1978ರ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೊಂಡರೆ ಆ ಕ್ರಯ ಅಸಿಂಧು. ಮರಳಿ ಪಡೆಯುವ ಅರ್ಜಿಗೆ 2023ರ ತಿದ್ದುಪಡಿಯ ನಂತರ ಕಾಲಮಿತಿಯೂ ಇಲ್ಲ. ಅರಣ್ಯ ಕಾಯ್ದೆಯ 4ನೇ ಸೆಕ್ಷನ್ನಿನ ಅಧಿಸೂಚನೆಯೊಳಗೆ ಆ ಸರ್ವೆ ನಂಬರು ಇದೆಯೇ ಎಂದು ಅರಣ್ಯ ಇಲಾಖೆಯಲ್ಲಿ ಬರಹದಲ್ಲಿಯೇ ಕೇಳಬೇಕು. ಋಣಭಾರ ಪತ್ರವು ನೋಂದಣಿಯಾದ ವ್ಯವಹಾರಗಳನ್ನಷ್ಟೇ ತೋರಿಸುತ್ತದೆ. ಅಣ್ಣತಮ್ಮಂದಿರ ಬಾಯಿಮಾತಿನ ಪಾಲು ಅದರಲ್ಲಿ ಕಾಣದು.

ಇಷ್ಟೆಲ್ಲ ಕಾಗದ ಸರಿಯಿದ್ದೂ ಜಮೀನೇ ಉಳಿಯದೆ ಹೋಗಬಹುದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲಗಳಲ್ಲಿ, 2021ರ ಜುಲೈಯಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಜಾರಿದಾಗ ಮನೆ, ತೋಟಗಳ ಜೊತೆಗೆ ಪಹಣಿಯ ಗಡಿಗಳೂ ಅಳಿಸಿಹೋದವು. ಕೊಡಗಿನ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು, ಅತಿಮಳೆಯ ಜೊತೆಗೆ ರಸ್ತೆ ಮತ್ತು ಕಟ್ಟಡಗಳಿಗಾಗಿ ಇಳಿಜಾರನ್ನು ಕಡಿದದ್ದನ್ನೂ ಕಾರಣವಾಗಿ ಎತ್ತಿ ತೋರಿಸಿತು.

ಇದರ ಕ್ರಮ ಸರಳವಾದುದು. ಘಟ್ಟದ ಅನೇಕ ಕಡೆ ಮೇಲೆ ಜಂಬಿಟ್ಟಿಗೆಯ ಪದರ, ಅದರಡಿಯಲ್ಲಿ ಶೇಡಿ ಮಣ್ಣು. ಜಂಬಿಟ್ಟಿಗೆಯ ತೂತುಗಳಲ್ಲಿ ನೀರು ಬೇಗನೆ ಇಳಿಯುತ್ತದೆ. ಶೇಡಿ ನೆನೆದು ಬೆಣ್ಣೆಯಂತಾಗುತ್ತದೆ. ಗುಡ್ಡದ ಬುಡ ಗಟ್ಟಿಯಾಗಿರುವವರೆಗೆ ಮೇಲಿನ ಭಾರ ನಿಲ್ಲುತ್ತದೆ. ನಾವು ಆ ಬುಡವನ್ನೇ ಕಡಿದು, ಕಡಿದ ಮಣ್ಣನ್ನು ಅಂಚಿಗೆ ಸುರಿದು, ಆ ಸಡಿಲ ಮಣ್ಣಿನ ಮೇಲೆ ತಳಪಾಯ ಹಾಕುತ್ತೇವೆ. ಅನ್ಯತ್ರ ಉಪಕಾರಿಯಾದ ಇಂಗುಗುಂಡಿಯೂ ಇಂತಹ ಕಡಿದಾದ ಇಳಿಜಾರಿನ ಮೇಲ್ತುದಿಯಲ್ಲಿ ಅಪಾಯಕಾರಿ ಎಂಬುದನ್ನು ನಮ್ಮ ಜಲಪ್ರಿಯ ಮಿತ್ರರು ಗಮನಿಸಬೇಕು. ಭೂಪರಿವರ್ತನೆಯ ಆದೇಶವಿದ್ದ ಮಾತ್ರಕ್ಕೆ ಗುಡ್ಡ ಗಟ್ಟಿಯಾಗದು.

ಆದುದರಿಂದ ಜಮೀನನ್ನು ಆಷಾಢದಲ್ಲೊಮ್ಮೆ, ನಾಲ್ಕು ದಿನ ಬಿಡದೆ ಮಳೆ ಹೊಯ್ದ ಮೇಲೆ ನೋಡಬೇಕು. ಒರತೆ ಎಲ್ಲಿ ಏಳುತ್ತದೆ, ಅದರ ನೀರು ಕದಡಿದೆಯೇ, ಮರಗಳ ಬುಡ ಇಳಿಜಾರಿನತ್ತ ಬಾಗಿ ಮತ್ತೆ ಮೇಲಕ್ಕೆದ್ದಿದೆಯೇ, ಗುಡ್ಡಕ್ಕೆ ಅಡ್ಡಲಾಗಿ ಬಿರುಕು ಬಿಟ್ಟಿದೆಯೇ ಎಂಬುದನ್ನು ಗಮನಿಸಬೇಕು. ಹಳೆಯ ಗ್ರಾಮನಕ್ಷೆಯಲ್ಲಿ ಹರಿಯುವ ಹಳ್ಳ ಈಗ ಯಾವ ಸೈಟಿನಡಿ ಮುಚ್ಚಿದೆ ಎಂದು ದನ ಮೇಯಿಸಿದ ಹಿರಿಯರು ಹೇಳಬಲ್ಲರು. ಸರ್ವೇಕ್ಷಣಾ ಸಂಸ್ಥೆಯ ಭೂಕುಸಿತ ಸಂಭಾವ್ಯತೆಯ ನಕ್ಷೆಯೂ ಸಾರ್ವಜನಿಕರಿಗೆ ಲಭ್ಯವಿದೆ. ಒಂದು ಮಳೆಗಾಲ ಕಾಯಲು ಒಪ್ಪದೆ ಅವಸರಿಸುವ ದಲ್ಲಾಳಿಯನ್ನು ದೂರವಿಡುವುದು ಲೇಸು.

ಮಾರುವವರಿಗೂ ಈ ವಿಚಾರಣೆ ಅನ್ವಯಿಸುತ್ತದೆ. ನೆತ್ತಿಯ ಜಮೀನು ಕೊಟ್ಟವನು ಹಣ ಎಣಿಸಿಕೊಂಡು ಶಿವಮೊಗ್ಗಕ್ಕೋ ಶಿರಸಿ ಪೇಟೆಗೋ ಹೋಗುತ್ತಾನೆ. ಹೂಳು ಬರುವುದು ಕೆಳಗಿನ ಅಡಿಕೆ ತೋಟದವನ ಕಾದಿಗೆಗೆ. ಕೊಳ್ಳುವವನು ಅಲ್ಲಿ ಏನು ಮಾಡಲಿದ್ದಾನೆ, ನೀರನ್ನು ಎತ್ತ ಬಿಡಲಿದ್ದಾನೆ ಎಂದು ಕ್ರಯಪತ್ರಕ್ಕೆ ಮೊದಲೇ ಕೇಳುವುದು ನೆರೆಹೊರೆಯ ಧರ್ಮ.

ನಮ್ಮ ವಿದ್ಯಾರ್ಥಿ ಮಿತ್ರರಲ್ಲಿ ಒಂದು ಕೋರಿಕೆ. ಈ ಮಳೆಗಾಲದಲ್ಲಿ ನಿಮ್ಮ ಗ್ರಾಮದ ಒರತೆ, ಬಿರುಕು, ಹಿಂದೆ ಜಾರಿದ ಜಾಗಗಳನ್ನು ಗ್ರಾಮನಕ್ಷೆಯ ಮೇಲೆ ಗುರುತಿಸಿ, ಸರ್ವೆ ನಂಬರಿನೊಡನೆ ಒಂದು ಪ್ರತಿಯನ್ನು ಪಂಚಾಯತಿಗೆ ಕೊಡಿ, ಇನ್ನೊಂದನ್ನು ನಮಗೆ ಕಳುಹಿಸಿ. ದೀಪಾವಳಿಗೆ ಮುನ್ನ ಅವು ಕೈಸೇರಿದರೆ ಒಳಿತು.